ಎರಡನೇ ಪ್ರೊಸೆಸರ್ ಹಾಕುವ ಮುಂಚೆ: ಹೀಟ್ ಸಿಂಕ್ ಇರುವುದು ಬರೀ ತಂಪಿಗಲ್ಲ

ಪ್ರಶ್ನೆ: ಹಾವೇರಿ ಕಡೆಯ ಒಂದು ಕಾಲೇಜಿನಲ್ಲಿ ಲ್ಯಾಬ್ ಮತ್ತು ಸರ್ವರ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿರುವುದು ಎಚ್‌ಪಿಇ ಪ್ರೊಲಯಂಟ್ ಡಿಎಲ್380 ಜೆನ್10. ಒಂದೇ ಪ್ರೊಸೆಸರ್, ಇಂಟೆಲ್‌ನ ಝಿಯಾನ್ ಸಿಲ್ವರ್ 4210. 16 ಜಿಬಿಯ ಆರು ರ‍್ಯಾಮ್ ಕಡ್ಡಿಗಳಿವೆ. ಎರಡನೇ ಪ್ರೊಸೆಸರ್ ಕೂರುವ ಸಾಕೆಟ್ ಖಾಲಿ. ಆನ್‌ಲೈನ್ ಪರೀಕ್ಷೆಯ ದಿನ ಸಿಪಿಯು ನೂರಕ್ಕೆ ಹೋಗಿ ನಿಂತುಬಿಡುತ್ತದೆ. ಇನ್ನೊಂದು ಪ್ರೊಸೆಸರ್, ಹೀಟ್ ಸಿಂಕ್ ತರಿಸಲು ಆಡಳಿತ ಮಂಡಳಿ ಒಪ್ಪಿದೆ. ಹಾಕಿಕೊಡಲು ಮಾರುವವರು ಬೇರೆ ದುಡ್ಡು ಕೇಳುತ್ತಿದ್ದಾರೆ. ನಾನು ಡೆಸ್ಕ್‌ಟಾಪ್‌ಗೆ ಹತ್ತಾರು ಸಲ ಪ್ರೊಸೆಸರ್ ಹಾಕಿದವನು. ಇದನ್ನೂ ನಾನೇ ಹಾಕಬಹುದಾ? ಪೇಸ್ಟ್ ಎಷ್ಟು ಹಾಕಬೇಕು? ನಟ್ ಎಷ್ಟು ಬಿಗಿ ಮಾಡಬೇಕು?

ಉತ್ತರ: ಹಾಕಬಹುದು. ಸಾಮಾನು ಸರಿಯಾಗಿದ್ದರೆ ಕೈಕೆಲಸ ಅರ್ಧ ಗಂಟೆಯದು. ಆದರೆ "ಡೆಸ್ಕ್‌ಟಾಪ್‌ಗೆ ಹತ್ತಾರು ಸಲ ಹಾಕಿದ್ದೇನೆ" ಅಂದಿರಲ್ಲ, ಅದನ್ನು ಓದಿ ನನಗೆ ಸ್ವಲ್ಪ ಅಳುಕು ಬಂತು. ಈ ಸರ್ವರ್‌ನಲ್ಲಿ ಕೈ ಕೊಡುವುದು ಆ ಅಭ್ಯಾಸವೇ. ಏಕೆ ಅಂತ ಮೊದಲು ಹೇಳುತ್ತೇನೆ.

ಡೆಸ್ಕ್‌ಟಾಪ್‌ನಲ್ಲಿ ಎರಡು ಕೆಲಸ ಬೇರೆ ಬೇರೆ. ಪ್ರೊಸೆಸರ್ ಸಾಕೆಟ್‌ನಲ್ಲಿ ಕೂರಿಸುತ್ತೀರಿ, ಪಕ್ಕದ ಲಿವರ್ ಒತ್ತಿ ಸಿಕ್ಕಿಸುತ್ತೀರಿ. ಪ್ರೊಸೆಸರ್ ಅಲ್ಲಿಗೆ ಭದ್ರ. ಆಮೇಲೆ ಶಾಖ ದಾಟಿಸುವ ಪೇಸ್ಟ್, ಅದರ ಮೇಲೆ ಶಾಖ ಹೀರಿ ಗಾಳಿಗೆ ಬಿಡುವ ಲೋಹದ ಗಟ್ಟಿ, ಅದೇ ಹೀಟ್ ಸಿಂಕ್. ಹೀಟ್ ಸಿಂಕ್ ಸ್ವಲ್ಪ ಸಡಿಲವಾದರೆ ಬಿಸಿ ಜಾಸ್ತಿ ಆಗುತ್ತದೆ ಅಷ್ಟೇ, ಪ್ರೊಸೆಸರ್‌ಗೂ ಬೋರ್ಡ್‌ಗೂ ಇರುವ ಸಂಪರ್ಕಕ್ಕೆ ಏನೂ ಆಗುವುದಿಲ್ಲ.

ನಿಮ್ಮ ಸರ್ವರ್‌ನ ಸಾಕೆಟ್‌ಗೆ ಎಲ್‌ಜಿಎ 3647 ಅಂತ ಹೆಸರು. 2017ರಲ್ಲಿ ಬಂದ ಝಿಯಾನ್ ಸ್ಕೇಲಬಲ್ ಪ್ರೊಸೆಸರ್‌ಗಳು ಕೂರುವುದು ಇದರಲ್ಲೇ. ಅದರಲ್ಲಿ ಲಿವರ್ ಇಲ್ಲವೇ ಇಲ್ಲ. ಒಂದು ತೆಳು ಪ್ಲಾಸ್ಟಿಕ್ ಚೌಕಟ್ಟಿನ ಸಹಾಯದಿಂದ ಪ್ರೊಸೆಸರ್ ಅನ್ನು ಹೀಟ್ ಸಿಂಕ್‌ನ ಹೊಟ್ಟೆಗೆ ಸಿಕ್ಕಿಸುತ್ತೀರಿ. ಎರಡೂ ಒಂದೇ ಗಂಟಾಗಿ ಸಾಕೆಟ್ ಮೇಲೆ ಇಳಿಯುತ್ತವೆ. ಸಾಕೆಟ್‌ನಲ್ಲಿ 3647 ಪಿನ್‌ಗಳಿವೆ, ಒಂದೊಂದೂ ಒಂದು ಪುಟ್ಟ ಸ್ಪ್ರಿಂಗ್. ಅಷ್ಟನ್ನೂ ಸಮನಾಗಿ ಒತ್ತಿ ಹಿಡಿಯುವುದು ಹೀಟ್ ಸಿಂಕ್‌ನ ನಾಲ್ಕು ನಟ್. ಅಂದರೆ ನೀವು ನಟ್ ತಿರುಗಿಸುವಾಗ ಪ್ರೊಸೆಸರ್‌ಗೆ ವೈರಿಂಗ್ ಮಾಡುತ್ತಿದ್ದೀರಿ ಅಂತಲೇ ತಿಳಿಯಿರಿ. ತಂಪು ಮಾಡುವುದು ಆಮೇಲಿನ ಮಾತು.

ಒಂದು ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಸಹಕಾರಿ ಸಂಘದಿಂದ ಫೋನ್ ಬಂತು. ಸರ್ವರ್‌ಗೆ ಪ್ರೊಸೆಸರ್ ಸೇರಿಸಿದ ಮೇಲೆ ಎರಡು ರ‍್ಯಾಮ್ ಕಾಣಿಸುತ್ತಿಲ್ಲವಂತೆ. ರ‍್ಯಾಮ್ ಹೋಗಿದೆ ಅಂತ ಹೊಸ ಎರಡು ತಂದು ಹಾಕಿದ್ದರು. ಅವೂ ಕಾಣಿಸಲಿಲ್ಲ. ಸ್ಲಾಟ್ ಹೋಗಿದೆ, ಬೋರ್ಡ್ ಬದಲಿಸಬೇಕು ಎನ್ನುವವರೆಗೆ ಮಾತು ಹೋಗಿತ್ತು. ನಾನು ಹೋಗಿ ಮುಚ್ಚಳ ತೆಗೆದು ಎರಡನೇ ಹೀಟ್ ಸಿಂಕ್‌ನ ನಟ್‌ಗಳಿಗೆ ಸ್ಕ್ರೂಡ್ರೈವರ್ ಇಟ್ಟು ನೋಡಿದೆ. ಮೂರು ಅಲುಗಲಿಲ್ಲ. ನಾಲ್ಕನೆಯದು ಸಲೀಸಾಗಿ ಒಂದೂವರೆ ಸುತ್ತು ತಿರುಗಿತು. ಪ್ರೊಸೆಸರ್‌ನಿಂದ ರ‍್ಯಾಮ್‌ಗೆ ದಾರಿ ಈ ಪಿನ್‌ಗಳ ಮೂಲಕವೇ, ಆ ಮೂಲೆಯ ಪಿನ್‌ಗಳಿಗೆ ಪ್ರೊಸೆಸರ್ ಸರಿಯಾಗಿ ತಾಗಿಯೇ ಇರಲಿಲ್ಲ. ನಾಲ್ಕನ್ನೂ ಬಿಚ್ಚಿ, ಕ್ರಮವಾಗಿ ಮತ್ತೆ ಬಿಗಿ ಮಾಡಿದೆ. ರ‍್ಯಾಮ್ ವಾಪಸ್ ಬಂತು. ಪ್ರೊಸೆಸರ್‌ನ ಉಷ್ಣತೆ ಮೊದಲೂ ಚೆನ್ನಾಗಿಯೇ ಇತ್ತು, ಆಮೇಲೂ ಚೆನ್ನಾಗಿಯೇ ಇತ್ತು. ಅದನ್ನೊಂದೇ ನೋಡಿದ್ದರೆ ಈ ತಪ್ಪು ಯಾರಿಗೂ ಸಿಕ್ಕುತ್ತಿರಲಿಲ್ಲ.

ಕೆಲಸಕ್ಕೆ ಇಳಿಯುವ ಮುಂಚೆ ಒಂದು ಅನುಮಾನ. ನೂರಕ್ಕೆ ಹೋಗುವುದು ಯಾವುದು? ಪರೀಕ್ಷೆಯ ತಂತ್ರಾಂಶ ವರ್ಚುವಲ್ ಮಶೀನ್ (ಸರ್ವರ್ ಒಳಗೆ ತಂತ್ರಾಂಶದಿಂದಲೇ ಮಾಡಿದ ಕಂಪ್ಯೂಟರ್) ಒಳಗೆ ಓಡುತ್ತಿದ್ದು, ಅದಕ್ಕೆ ನೀವು ನಾಲ್ಕೇ ಸಿಪಿಯು ಕೊಟ್ಟಿದ್ದರೆ, ಒಳಗೆ ನೂರು ತೋರಿಸುವಾಗ ಹೊರಗಿನ ಸರ್ವರ್ ಆಕಳಿಸುತ್ತಾ ಕೂತಿರಬಹುದು. 4210ರಲ್ಲಿ 10 ಕೋರ್ (ಲೆಕ್ಕ ಮಾಡುವ ಘಟಕ), 20 ಥ್ರೆಡ್ (ಒಂದೇ ಹೊತ್ತಿಗೆ ನಡೆಸಬಲ್ಲ ಕೆಲಸದ ಸಾಲು) ಇವೆ. ಹೋಸ್ಟ್‌ನ, ಅಂದರೆ ಹೊರಗಿನ ಆ ಸರ್ವರ್‌ನ, ಲೆಕ್ಕ ನೋಡಿ. ಅದೂ ನೂರಕ್ಕೆ ಹೋಗುತ್ತಿದ್ದರೆ ಮಾತ್ರ ಮುಂದಿನದು. ಇಲ್ಲದಿದ್ದರೆ ಎರಡು ನಿಮಿಷದ ಸೆಟ್ಟಿಂಗ್‌ನಲ್ಲಿ ಮುಗಿಯುವ ಕೆಲಸಕ್ಕೆ ಸುಮ್ನೆ ಖರ್ಚು ಮಾಡುತ್ತೀರಿ.

ಇನ್ನು ಖರೀದಿ. ಎರಡು ಪ್ರೊಸೆಸರ್‌ಗಳೂ ತದ್ರೂಪ ಇರಬೇಕು. "ಅದೇ ತರಹದ್ದು" ಸಾಲದು, ಅದೇ ಆಗಬೇಕು. 4210 ಮತ್ತು 4210ಆರ್ ಎರಡಕ್ಕೂ 10 ಕೋರ್. ಹೆಸರಿನಲ್ಲಿ ಒಂದು ಅಕ್ಷರದ ವ್ಯತ್ಯಾಸ. ಆದರೆ ಮೊದಲನೆಯದು 2.2 ಗಿಗಾಹರ್ಟ್ಸ್, 85 ವ್ಯಾಟ್. ಎರಡನೆಯದು 2.4 ಗಿಗಾಹರ್ಟ್ಸ್, 100 ವ್ಯಾಟ್. ಇವೆರಡನ್ನು ಜೋಡಿ ಮಾಡುವ ಹಾಗಿಲ್ಲ. ಅಂಗಡಿಯವರು "ಸಾರ್, ಇದು ಇನ್ನೂ ಹೊಸದು, ಚೆನ್ನಾಗಿದೆ" ಅಂತ ಆರ್ ಇರುವುದನ್ನು ಕೈಗೆ ಕೊಟ್ಟಾರು, ಬೇಡ ಅನ್ನಿ.

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೋ ಆನ್‌ಲೈನ್‌ನಲ್ಲೋ ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಪ್ರೊಸೆಸರ್‌ನ ಲೋಹದ ಬೆನ್ನನ್ನು ಓದಿ. ಮಾದರಿ ಸಂಖ್ಯೆ ಇರಬೇಕು, ಎಸ್‌ಆರ್ ಎಂದು ಶುರುವಾಗುವ ಸಣ್ಣ ಕೋಡ್ ಇರಬೇಕು. ಆ ಕೋಡ್ ಕ್ಯೂ ಅಕ್ಷರದಿಂದ ಶುರುವಾಗಿದ್ದರೆ, ಅಥವಾ ಹೆಸರಿನ ಜಾಗದಲ್ಲಿ "ಇಂಟೆಲ್ ಕಾನ್ಫಿಡೆನ್ಷಿಯಲ್" ಎಂದಿದ್ದರೆ ಅದು ಮಾರಾಟಕ್ಕೆ ಬಂದ ಮಾಲಲ್ಲ, ಪರೀಕ್ಷೆಗೆ ಕೊಟ್ಟ ಮಾದರಿ. ಬೆಲೆ ಎಷ್ಟೇ ಕಡಿಮೆ ಇರಲಿ, ಮುಟ್ಟಬೇಡಿ.

ಬಿಡಿಬಿಡಿಯಾಗಿ ಕೊಳ್ಳುವವರು ಮರೆಯುವುದು ಆ ಪ್ಲಾಸ್ಟಿಕ್ ಚೌಕಟ್ಟನ್ನು. ಪ್ರೊಸೆಸರ್ ಬಂತು, ಹೀಟ್ ಸಿಂಕ್ ಬಂತು, ಎರಡನ್ನೂ ಸೇರಿಸುವ ಕ್ಲಿಪ್ ಇಲ್ಲ. ಉಪ್ಪು ತರುವುದು ಮರೆತು ಒಲೆ ಹಚ್ಚಿದ ಹಾಗೆ. ಚೌಕಟ್ಟಿಲ್ಲದೆ ಹೀಗೇ ಇಟ್ಟು ಬಿಗಿ ಮಾಡೋಣ ಅನ್ನಬೇಡಿ, ಪ್ರೊಸೆಸರ್ ಎಲ್ಲಿ ಕೂರುತ್ತದೆ ಅನ್ನುವುದಕ್ಕೆ ಹಿಡಿತವೇ ಇರುವುದಿಲ್ಲ. ಸರ್ವರ್ ಕಂಪನಿಯ ಕಿಟ್ ತರಿಸಿದರೆ ಈ ತಲೆನೋವಿಲ್ಲ. ಹೀಟ್ ಸಿಂಕ್ ಮಾತ್ರ ಡಿಎಲ್380 ಜೆನ್10ರದ್ದೇ ಆಗಿರಲಿ. ಸಾಕೆಟ್ ಒಂದೇ ಆದರೂ ಬೇರೆ ಸರ್ವರ್‌ನ ಹೀಟ್ ಸಿಂಕ್‌ನ ಎತ್ತರ, ನಟ್‌ಗಳ ಅಂತರ ಬೇರೆ ಇರಬಹುದು. 85 ವ್ಯಾಟ್‌ನ ಪ್ರೊಸೆಸರ್‌ಗೆ ಸಾಮಾನ್ಯ ಹೀಟ್ ಸಿಂಕ್ ಸಾಕು, ದೊಡ್ಡದು ಬೇಕಿಲ್ಲ.

ಫ್ಯಾನ್ ಎಣಿಸಿದ್ದೀರಾ? ಈ ಸರ್ವರ್‌ಗೆ ಒಂದು ಪ್ರೊಸೆಸರ್ ಇದ್ದಾಗ ನಾಲ್ಕು ಫ್ಯಾನ್ ಸಾಕು. ಉಳಿದ ಎರಡು ಜಾಗದಲ್ಲಿ ಖಾಲಿ ಪ್ಲಾಸ್ಟಿಕ್ ಡಬ್ಬಿ ಕೂತಿರುತ್ತದೆ. ಎರಡು ಪ್ರೊಸೆಸರ್ ಆದರೆ ಆರೂ ಬೇಕು. ಮಾಮೂಲಿ ಫ್ಯಾನ್ ಮತ್ತು ಹೈ ಪರ್ಫಾರ್ಮೆನ್ಸ್ ಫ್ಯಾನ್ ಅಂತ ಎರಡು ಬಗೆ ಉಂಟು. ಅವನ್ನು ಬೆರೆಸಬಾರದು, ಈಗ ಇರುವುದು ಯಾವುದೋ ಅದನ್ನೇ ತನ್ನಿ.

ಆಡಳಿತ ಮಂಡಳಿಗೆ ಈಗಲೇ ಹೇಳಬೇಕಾದ ಇನ್ನೊಂದು ಖರ್ಚು ಲೈಸೆನ್ಸ್. ವಿಂಡೋಸ್ ಸರ್ವರ್ 2016ರಿಂದ ಈಚೆಗೆ ಲೆಕ್ಕ ಕೋರ್‌ಗಳದ್ದು. ಒಂದು ಸರ್ವರ್‌ಗೆ ಕನಿಷ್ಠ 16 ಕೋರ್ ಕೊಳ್ಳಲೇಬೇಕು, ಹಾಗಾಗಿ 10 ಕೋರ್ ಇದ್ದರೂ ನೀವು 16ಕ್ಕೆ ಕೊಟ್ಟಿದ್ದೀರಿ. ಈಗ ಆಗುವುದು 20. ಇನ್ನು ನಾಲ್ಕು ಕೋರ್ ಸೇರಿಸಬೇಕು, ಅಂದರೆ ಎರಡು ಕೋರ್‌ನ ಎರಡು ಪ್ಯಾಕ್. ದೊಡ್ಡ ಹೊರೆ ಏನಲ್ಲ. ವರ್ಚುವಲ್ ಮಶೀನ್ ಓಡಿಸಲು ವಿಎಂವೇರ್‌ನ ವಿಸ್ಪಿಯರ್ ಚಂದಾ ಇದ್ದರೆ ಮಾತ್ರ ನೋವಾಗುತ್ತದೆ. ಅಲ್ಲಿ ಪ್ರತಿ ಪ್ರೊಸೆಸರ್‌ಗೂ ಕನಿಷ್ಠ 16 ಕೋರ್ ಲೆಕ್ಕ. ನಿಮ್ಮ ಬಿಲ್ 16ರಿಂದ 32ಕ್ಕೆ ನೇರ ಎರಡು ಪಟ್ಟು. ಉಚಿತ ಲಿನಕ್ಸ್ ಆದರೆ ಈ ಪ್ಯಾರಾ ನಿಮಗಲ್ಲ. ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಇದ್ದರೆ ನಾವೇ ಹಾಕಿಕೊಳ್ಳಬಹುದಾ ಅಂತ ಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಫೋನ್‌ನಲ್ಲಿ "ಆಯ್ತು ಸಾರ್" ಅಂದಿದ್ದು ಮುಂದೆ ಯಾರಿಗೂ ನೆನಪಿರುವುದಿಲ್ಲ.

ಈಗ ಕೈಕೆಲಸ. ಬ್ಯಾಕಪ್ ಆಯಿತು, ಸರ್ವರ್ ಸರಿಯಾಗಿ ಶಟ್‌ಡೌನ್ ಆಯಿತು ಅಂದುಕೊಳ್ಳೋಣ. ಹಿಂದೆ ಪವರ್ ಕೇಬಲ್ ಎರಡಿವೆ, ಎರಡನ್ನೂ ಕೀಳಬೇಕು. ಒಂದು ಕಿತ್ತು ಇನ್ನೊಂದು ಮರೆಯುವುದು ತೀರಾ ಸಾಮಾನ್ಯ. ಸರ್ವರ್ ಆಫ್ ಆಗಿದ್ದರೂ ಕೇಬಲ್ ಇರುವ ತನಕ ಬೋರ್ಡ್‌ನಲ್ಲಿ ಕರೆಂಟ್ ಇರುತ್ತದೆ. ಕಿತ್ತ ಮೇಲೆ ಪವರ್ ಬಟನ್ ಒಂದು ಸಲ ಒತ್ತಿ, ಒಳಗಿನ ದೀಪಗಳೆಲ್ಲ ಆರಿವೆಯಾ ನೋಡಿ. ರ‍್ಯಾಕ್‌ನಿಂದ ಇಳಿಸಲು ಇನ್ನೊಬ್ಬರನ್ನು ಕರೆಯಿರಿ. ರೈಲ್ ಮೇಲೆ ಎಳೆದು ನಿಂತುಕೊಂಡೇ ಮಾಡಬಹುದು, ಆದರೆ ಮೊದಲ ಸಲ ಅಲ್ವಾ, ಮೇಜಿನ ಮೇಲೆ, ಒಳ್ಳೆ ಬೆಳಕಿನಲ್ಲಿ ಮಾಡಿ.

ಸ್ಟ್ಯಾಟಿಕ್ ಬಗ್ಗೆ ನಮ್ಮಲ್ಲಿ ತಾತ್ಸಾರ ಜಾಸ್ತಿ. ಬಯಲುಸೀಮೆಯ ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಅನ್ನುತ್ತದಲ್ಲ, ಅದೇ ಇದು. ಎಸಿ ಓಡುವ ಸರ್ವರ್ ರೂಮಿನ ಒಣ ಗಾಳಿಯಲ್ಲಿ ವರ್ಷವಿಡೀ ಇರುತ್ತದೆ. ಬೆರಳಿಗೆ ಚುರ್ ಅನ್ನಿಸಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಚಿಪ್ ಕೆಡಲು ಅಷ್ಟೆಲ್ಲ ಬೇಕಿಲ್ಲ, ನಮಗೆ ಗೊತ್ತೇ ಆಗದ ಕಿಡಿ ಸಾಕು. ಮಣಿಕಟ್ಟಿಗೆ ಆಂಟಿ ಸ್ಟ್ಯಾಟಿಕ್ ಪಟ್ಟಿ ಕಟ್ಟಿ, ಅದರ ಕ್ಲಿಪ್ಪನ್ನು ಸರ್ವರ್‌ನ ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಿ.

ಮುಚ್ಚಳ ತೆಗೆದರೆ ಅದರ ಒಳಮೈಗೆ ಅಂಟಿಸಿದ ನಕ್ಷೆ ಇರುತ್ತದೆ. ಯಾವ ಸಾಕೆಟ್ ಒಂದು, ಯಾವುದು ಎರಡು, ಯಾವ ರ‍್ಯಾಮ್ ಸ್ಲಾಟ್ ಯಾರದು ಎಲ್ಲ ಅದರಲ್ಲಿದೆ. ಫೋನ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಆಮೇಲೆ ಗಾಳಿಗೆ ದಾರಿ ಮಾಡುವ ಪ್ಲಾಸ್ಟಿಕ್ ಹೊದಿಕೆ, ಏರ್ ಬ್ಯಾಫಲ್ ಅನ್ನುತ್ತಾರೆ, ಅದನ್ನು ಮೇಲಕ್ಕೆತ್ತಿ ಪಕ್ಕಕ್ಕಿಡಿ. ಮೊದಲನೇ ಪ್ರೊಸೆಸರ್‌ನ ತಂಟೆಗೆ ಹೋಗಲೇಬೇಡಿ. "ಹೇಗೂ ತೆಗೆದಿದ್ದೇನೆ, ಇದರ ಪೇಸ್ಟೂ ಬದಲಿಸಿಬಿಡೋಣ" ಎಂಬ ಉತ್ಸಾಹ ಬೇಡ. ಓಡುತ್ತಿರುವುದು ಓಡಲಿ.

ಎರಡನೇ ಸಾಕೆಟ್ ಮೇಲೆ ಪ್ಲಾಸ್ಟಿಕ್ ಮುಚ್ಚಳ ಇದೆ. ಎರಡು ಬದಿಯ ಕಿವಿಗಳನ್ನು ಹಿಡಿದು ನೇರ ಮೇಲಕ್ಕೆ ಎತ್ತಬೇಕು. ಒಂದು ಕಡೆಯಿಂದ ಎಬ್ಬಬಾರದು. ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಒಮ್ಮೆ ನಾನು ಕಿವಿಗೂ ಹೆಗಲಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಮಾತಾಡುತ್ತಾ ಒಂದೇ ಕೈಯಲ್ಲಿ ಈ ಮುಚ್ಚಳ ತೆಗೆದೆ. ಜಾರಿತು. ಅದರ ಮೂಲೆ ಸಾಕೆಟ್ ಒಳಗೆ ಬಿತ್ತು. ಅಂಗೈಗೆ ಭಾರವೇ ಗೊತ್ತಾಗದ ಪ್ಲಾಸ್ಟಿಕ್ ಅದು, ಮೂರು ಪಿನ್ ಬಗ್ಗಿದವು. ಭೂತಗನ್ನಡಿ ಇಟ್ಟುಕೊಂಡು ಹೊಲಿಗೆ ಸೂಜಿಯ ತುದಿಯಿಂದ ನೆಟ್ಟಗೆ ಮಾಡಲು ಎರಡು ಗಂಟೆ ಕೂತೆ. ಎರಡು ಸರಿಹೋದವು. ಮೂರನೆಯದು ಬುಡದಲ್ಲೇ ಮುರಿಯಿತು. ಸರ್ವರ್ ಆನ್ ಆಯಿತು, ಒಂದು ರ‍್ಯಾಮ್ ಸ್ಲಾಟ್ ಮಾತ್ರ ಮತ್ತೆಂದೂ ಏಳಲಿಲ್ಲ. ಬೋರ್ಡ್‌ನ ದುಡ್ಡು ನನ್ನ ಜೇಬಿನಿಂದ ಹೋಯಿತು. ಅವತ್ತಿನಿಂದ ಮುಚ್ಚಳ ತೆಗೆಯುವ ಮುಂಚೆ ಫೋನ್ ಸೈಲೆಂಟ್ ಮಾಡಿ ಬೇರೆ ಮೇಜಿನ ಮೇಲಿಡುತ್ತೇನೆ.

ಮುಚ್ಚಳ ತೆಗೆದ ಕೂಡಲೇ ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಹೊಸದಾಗಿ ನಾಟಿ ಮಾಡಿದ ಗದ್ದೆಯ ಹಾಗೆ ಸಾಲು ಸಾಲಾಗಿ ಕಾಣಬೇಕು, ಎಲ್ಲ ಪಿನ್ನೂ ಒಂದೇ ತರಹ ಮಿನುಗಬೇಕು. ಎಲ್ಲಾದರೂ ಒಂದು ಚುಕ್ಕಿ ಬೇರೆ ರೀತಿ ಹೊಳೆದರೆ ಅಥವಾ ಸಾಲು ತಪ್ಪಿದ್ದರೆ ಅಲ್ಲೇ ನಿಲ್ಲಿಸಿ. ಪ್ರೊಸೆಸರ್ ಹಾಕಿದ ಮೇಲೆ ಆ ಪಿನ್ ಬಗ್ಗಿಸಿದ್ದು ಯಾರು ಎನ್ನುವ ಜಗಳಕ್ಕೆ ಕೊನೆಯಿಲ್ಲ. ಈ ಹಂತದಲ್ಲೂ ಒಂದು ಫೋಟೋ ಇರಲಿ. ಬಗ್ಗಿದ ಪಿನ್ ಇದ್ದರೂ ಸರ್ವರ್ ಪೂರ್ತಿ ಸಾಯಬೇಕಾಗಿಲ್ಲ. ರ‍್ಯಾಮ್‌ನ ಒಂದು ಚಾನೆಲ್ (ಪ್ರೊಸೆಸರ್‌ನಿಂದ ರ‍್ಯಾಮ್‌ಗೆ ಹೋಗುವ ದಾರಿ) ಕಾಣೆಯಾಗುವುದು, ಒಂದು ಕಾರ್ಡ್ ಸಿಗದೇ ಹೋಗುವುದು, ಇಂಥ ತರಲೆಗಳೇ ಜಾಸ್ತಿ.

ಪ್ರೊಸೆಸರ್ ಮತ್ತು ಹೀಟ್ ಸಿಂಕ್ ಸೇರಿಕೊಂಡೇ ಬಂದಿದ್ದರೆ ಇದನ್ನು ಬಿಟ್ಟು ಮುಂದೆ ಓದಿ. ಬಿಡಿಯಾಗಿ ಬಂದಿದ್ದರೆ ಹೀಗೆ ಮಾಡಿ. ಪ್ರೊಸೆಸರ್‌ನ ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ಪುಟ್ಟ ತ್ರಿಕೋನ ಇದೆ. ಚೌಕಟ್ಟಿನ ಮೂಲೆಯಲ್ಲೂ ಒಂದು ಇದೆ. ಎರಡೂ ಒಂದೇ ಕಡೆ ಬರುವ ಹಾಗೆ ಹಿಡಿದು ಪ್ರೊಸೆಸರನ್ನು ಚೌಕಟ್ಟಿಗೆ ಸಿಕ್ಕಿಸಿ. ಅಂಚು ಹಿಡಿಯಿರಿ, ಕೆಳಗಿನ ಚಿನ್ನದ ಚುಕ್ಕಿಗಳಿಗೆ ಬೆರಳು ತಾಗಬಾರದು. ಬೆರಳಿನ ಎಣ್ಣೆ ಪಸೆ ಸಂಪರ್ಕಕ್ಕೆ ಶತ್ರು. ಪ್ರೊಸೆಸರ್ ಚಿಕ್ಕದೇನಲ್ಲ, 76 ಮಿಲಿಮೀಟರ್ ಉದ್ದ, 56.5 ಮಿಲಿಮೀಟರ್ ಅಗಲ. ಹಿಡಿಯಲು ಬೇಕಾದಷ್ಟು ಅಂಚು ಇದೆ. ಆಮೇಲೆ ಹೀಟ್ ಸಿಂಕನ್ನು ಮಗುಚಿ ಇಟ್ಟು, ಮೂಲೆಯ ಗುರುತು ಹೊಂದಿಸಿ, ಚೌಕಟ್ಟಿನ ನಾಲ್ಕು ಮೂಲೆ ಒತ್ತಿ. ಒಂದೊಂದು ಮೂಲೆಗೂ ಟಕ್ ಅನ್ನುವ ಸದ್ದು ಬರುತ್ತದೆ. ನಾಲ್ಕು ಟಕ್ ಎಣಿಸಿ.

ಪೇಸ್ಟ್ ಬಗ್ಗೆ ಕೇಳಿದ್ದೀರಿ. ಹೊಸ ಹೀಟ್ ಸಿಂಕ್‌ನ ತಳದಲ್ಲಿ ಬೂದು ಬಣ್ಣದ ಚೌಕ ಬಳಿದೇ ಬಂದಿದ್ದರೆ ಉತ್ತರ ಸೊನ್ನೆ. ಅದೇ ಪೇಸ್ಟ್. ಮುಟ್ಟಬೇಡಿ, ಮೇಲೆ ಇನ್ನಷ್ಟು ಹಾಕಬೇಡಿ. ಹಳೇ ಹೀಟ್ ಸಿಂಕ್ ಆಗಿದ್ದರೆ ಮಾತ್ರ ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೂಲು ಬಿಡದ ಬಟ್ಟೆಯಿಂದ ಪೂರ್ತಿ ಒರೆಸಿ ಹೊಸದು ಹಾಕಬೇಕು. ಡೆಸ್ಕ್‌ಟಾಪ್‌ನ "ನಡುವೆ ಒಂದು ಕಾಳಿನಷ್ಟು" ಇಲ್ಲಿ ಸಾಲದು. ಲೋಹದ ಮುಖ ದೊಡ್ಡದು, ಮೂಲೆಗಳಿಗೆ ತಲುಪುವುದಿಲ್ಲ. ನಡುವೆ ಒಂದು ಚುಕ್ಕಿ, ನಾಲ್ಕು ಮೂಲೆಯ ಕಡೆಗೆ ನಾಲ್ಕು ಚುಕ್ಕಿ ಇಡಿ. ಒತ್ತಡ ಬಿದ್ದಾಗ ಅದೇ ಹರಡಿಕೊಳ್ಳುತ್ತದೆ.

ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅಂದುಕೊಳ್ಳುವವರು ಬಹಳ ಜನ. ಪೇಸ್ಟ್ ಹೋಳಿಗೆಯ ಹೂರಣ ಅಲ್ಲ, ತುಂಬಿದಷ್ಟೂ ಒಳ್ಳೆಯದು ಅನ್ನಲು. ತಾಮ್ರ ಶಾಖ ಸಾಗಿಸುವ ಶಕ್ತಿ ಸುಮಾರು 400 ಇದ್ದರೆ, ಅದೇ ಅಳತೆಯಲ್ಲಿ ಸಾಮಾನ್ಯ ಪೇಸ್ಟಿನದು ಒಂದಂಕಿ. ಗಾಳಿಯದು 0.03ಕ್ಕೂ ಕಡಿಮೆ. ನುಣ್ಣಗೆ ಕಾಣುವ ಎರಡು ಲೋಹಗಳ ನಡುವೆ ಕಣ್ಣಿಗೆ ಕಾಣದ ಗುಳಿಗಳಿರುತ್ತವೆ. ಅದರಲ್ಲಿ ಗಾಳಿ ಕೂರದಂತೆ ತಡೆಯುವುದಷ್ಟೇ ಪೇಸ್ಟಿನ ಕೆಲಸ. ಲೋಹ ಲೋಹಕ್ಕೆ ತಾಗುವ ಕಡೆ ಪೇಸ್ಟ್ ದಪ್ಪಗೆ ನಿಂತರೆ ನೀವೇ ಅಡ್ಡಗೋಡೆ ಕಟ್ಟಿದ ಹಾಗೆ.

ಈಗ ಇಳಿಸುವುದು. ಸಾಕೆಟ್‌ನ ಪಕ್ಕ ಎರಡು ದಾರಿ ತೋರುವ ಕಡ್ಡಿಗಳು ನಿಂತಿವೆ. ಒಂದು ದಪ್ಪ, ಒಂದು ಸಣ್ಣ. ಹೀಟ್ ಸಿಂಕ್‌ನ ತೂತುಗಳೂ ಹಾಗೇ. ಹಾಗಾಗಿ ತಿರುಗಾಮುರುಗಾ ಕೂರುವುದಿಲ್ಲ. ತ್ರಿಕೋನದ ಗುರುತು ನೋಡಿ, ಎರಡೂ ಕೈಯಲ್ಲಿ ಹಿಡಿದು, ತುಂಬಿದ ಹಾಲಿನ ಪಾತ್ರೆ ಒಲೆಯಿಂದ ಇಳಿಸುವ ಹಾಗೆ ಮಟ್ಟವಾಗಿ ಇಳಿಸಿ. ಒಂದು ಮೂಲೆ ಮೊದಲು ತಾಗಬಾರದು. ಕೂತ ಮೇಲೆ ಅಲುಗಾಡಿಸಬಾರದು, ಜಾರಿಸಬಾರದು. ತಪ್ಪಾಯಿತು ಅನ್ನಿಸಿದರೆ ನೇರ ಮೇಲಕ್ಕೆತ್ತಿ ಮತ್ತೆ ಇಳಿಸಿ.

ನಟ್‌ಗಳಿಗೆ ಟಿ-30 ಟಾರ್ಕ್ಸ್ ಬೇಕು, ಅಂಗಡಿಯಲ್ಲಿ ಸ್ಟಾರ್ ಬಿಟ್ ಅಂದರೆ ಕೊಡುತ್ತಾರೆ. ಟಿ-25ರಲ್ಲಿ ಹೇಗೋ ತಿರುಗಿಸಿದರೆ ನಟ್‌ನ ತಲೆ ಸವೆದು ಹೋಗುತ್ತದೆ. ಕ್ರಮ ಹೀಟ್ ಸಿಂಕ್ ಮೇಲಿನ ಲೇಬಲ್‌ನಲ್ಲೇ ಬರೆದಿರುತ್ತದೆ, ಅದರಂತೆ ಹೋಗಿ. ಕಾರಿಗೆ ಸ್ಟೆಪ್ನಿ ಹಾಕುವಾಗ ನಟ್‌ಗಳನ್ನು ಎದುರುಬದುರು ಬಿಗಿ ಮಾಡುತ್ತೀವಲ್ಲ, ಇಲ್ಲೂ ಅದೇ ನ್ಯಾಯ. ಒಂದನ್ನೇ ಪೂರ್ತಿ ಬಿಗಿದು ಮುಂದಕ್ಕೆ ಹೋದರೆ ಎದುರಿನ ಮೂಲೆ ಎದ್ದು ನಿಲ್ಲುತ್ತದೆ. ಮೊದಲ ಸುತ್ತಿನಲ್ಲಿ ನಾಲ್ಕೂ ತಿರುಪಿನ ಮರೆಗೆ ಸರಿಯಾಗಿ ಸಿಕ್ಕಿದವಾ ಅಂತ ಮಾತ್ರ ನೋಡಿ. ಆಮೇಲಿನ ಸುತ್ತುಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ.

ಎಷ್ಟು ಬಿಗಿ? ಈ ಸಾಕೆಟ್‌ಗೆ ಲೆಕ್ಕ 12 ಇಂಚ್-ಪೌಂಡ್. ನಮ್ಮಲ್ಲಿ ಸಿಗುವ ಟಾರ್ಕ್ ಸ್ಕ್ರೂಡ್ರೈವರ್‌ನಲ್ಲಿ ಕೆಜಿ-ಸೆಂಟಿಮೀಟರ್ ಇದ್ದರೆ ಸುಮಾರು 14ಕ್ಕೆ ಇಡಿ, ನ್ಯೂಟನ್-ಮೀಟರ್ ಇದ್ದರೆ 1.35. ಅಂಥ ಸ್ಕ್ರೂಡ್ರೈವರ್ ಇಲ್ಲದಿದ್ದರೂ ನಡೆಯುತ್ತದೆ. ನಟ್ ತಾನಾಗಿಯೇ ತಳ ಮುಟ್ಟಿ ನಿಲ್ಲುತ್ತದೆ, "ಇನ್ನು ತಿರುಗಲ್ಲ" ಅಂತ ಕೈಗೆ ಗೊತ್ತಾಗುತ್ತದೆ. ಅಲ್ಲಿಗೆ ಬಿಡಿ. ಕೊನೆಗೆ ಒಂದು ಹೆಚ್ಚುವರಿ ತಿರುವು ಕೊಡುವ ನಮ್ಮ ಅಭ್ಯಾಸ ಬೇಡ. ಬ್ಯಾಟರಿ ಡ್ರಿಲ್ಲಂತೂ ಹತ್ತಿರಕ್ಕೂ ತರಬೇಡಿ.

ಇಷ್ಟಾದರೆ ಸಾಕು ಅಂದುಕೊಂಡು ಮುಚ್ಚಳ ಮುಚ್ಚಬೇಡಿ, ರ‍್ಯಾಮ್ ಇದೆ. ನಿಮ್ಮ ಆರೂ ಕಡ್ಡಿ ಈಗ ಮೊದಲ ಪ್ರೊಸೆಸರ್‌ನ ಪಾಲಿನಲ್ಲಿವೆ. ಒಂದೊಂದು ಪ್ರೊಸೆಸರ್‌ಗೂ ಆರು ಚಾನೆಲ್, 12 ಸ್ಲಾಟ್. ಹೊಸ ಪ್ರೊಸೆಸರ್‌ಗೆ ತನ್ನದೇ ರ‍್ಯಾಮ್ ಇಲ್ಲದಿದ್ದರೆ ಪ್ರತಿಯೊಂದಕ್ಕೂ ಪಕ್ಕದ ಮನೆಗೆ ಹೋಗಿ ಕೇಳಿ ತರಬೇಕು. ಆ ಎರಡರ ನಡುವಿನ ದಾರಿಗೆ ಯುಪಿಐ ಅಂತ ಹೆಸರು. ತರಕಾರಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡುವ ಯುಪಿಐ ಅಲ್ಲ, ಇಂಟೆಲ್‌ನದು. ಚುರುಕಾದ ದಾರಿಯೇ, ಆದರೂ ಮನೆಯಲ್ಲೇ ಇರುವಷ್ಟು ಬೇಗ ಸಿಗುವುದಿಲ್ಲ. ಇನ್ನೂ ಆರು ಅಂಥದ್ದೇ ಕಡ್ಡಿ ತರಿಸಿ ಆ ಕಡೆಯ ಆರೂ ಚಾನೆಲ್ ತುಂಬಿಸಿದರೆ ಉತ್ತಮ. ದುಡ್ಡಿಲ್ಲದಿದ್ದರೆ ಇರುವುದನ್ನೇ ಮೂರು ಮೂರು ಹಂಚಿ. ಯಾವ ಸ್ಲಾಟ್ ಎನ್ನುವುದು ಮುಚ್ಚಳದ ನಕ್ಷೆಯಲ್ಲಿದೆ, ಅಂದಾಜಿನಲ್ಲಿ ಹಾಕಬೇಡಿ. ನನ್ನನ್ನು ಕೇಳಿದರೆ ಪ್ರೊಸೆಸರ್‌ಗೆ ಒಪ್ಪಿಗೆ ಕೊಟ್ಟವರ ಹತ್ತಿರ ಈಗಲೇ ರ‍್ಯಾಮನ್ನೂ ಕೇಳಿಬಿಡುವುದು ವಾಸಿ, ಎರಡನೇ ಸಲ ಫೈಲ್ ಓಡಿಸುವುದು ಕಷ್ಟ.

ಖಾಲಿ ಡಬ್ಬಿ ತೆಗೆದು ಎರಡು ಫ್ಯಾನ್ ಹಾಕಿ. ಏರ್ ಬ್ಯಾಫಲ್ ತಪ್ಪದೆ ವಾಪಸ್ ಕೂರಿಸಿ. ಅದಿಲ್ಲದಿದ್ದರೆ ಗಾಳಿ ಹೀಟ್ ಸಿಂಕ್‌ನ ರೆಕ್ಕೆಗಳೊಳಗೆ ನುಗ್ಗುವ ಬದಲು ಮೇಲಿಂದ ಹಾದು ಹೋಗುತ್ತದೆ.

ಕರೆಂಟ್ ಕೊಟ್ಟು ಆನ್ ಮಾಡಿದರೆ ಫ್ಯಾನ್‌ಗಳು ವಿಮಾನದ ಹಾಗೆ ಅಬ್ಬರಿಸಿ ಆಮೇಲೆ ತಣ್ಣಗಾಗುತ್ತವೆ. ಪರದೆ ಕಪ್ಪಾಗಿಯೇ ಇರುತ್ತದೆ. ಹೊಸ ಪ್ರೊಸೆಸರ್, ಜಾಗ ಬದಲಿಸಿದ ರ‍್ಯಾಮ್ ಎಲ್ಲವನ್ನೂ ಅದು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕು. ಮೊದಲ ಸಲ ಕೆಲವು ನಿಮಿಷ ಬೇಕಾಗುತ್ತದೆ. ಎಷ್ಟೋ ಜನ ಇಲ್ಲೇ ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿದುಬಿಡುತ್ತಾರೆ. ಒತ್ತಬೇಡಿ. ಎದ್ದು ಹೋಗಿ ಚಹಾ ಕುಡಿದು ಬನ್ನಿ.

ಬಂದ ಮೇಲೆ ಐಎಲ್‌ಒ (ಸರ್ವರ್‌ನ ಸ್ಥಿತಿಗತಿ ತೋರಿಸುವ ಎಚ್‌ಪಿಇಯ ವ್ಯವಸ್ಥೆ) ಪುಟ ತೆರೆದು ಎರಡನೇ ಪ್ರೊಸೆಸರ್, ಪ್ರತಿ ರ‍್ಯಾಮ್ ಕಡ್ಡಿ, ಆರು ಫ್ಯಾನ್ ಎಲ್ಲ ಹಸಿರಾಗಿವೆಯಾ ನೋಡಿ. ರ‍್ಯಾಮ್‌ನ ಒಟ್ಟು ಮೊತ್ತ ಕೂಡಿ ನೋಡುವುದು ಮುಖ್ಯ. ಒಂದೇ ಒಂದು ಕಡ್ಡಿ ಕಮ್ಮಿ ಬಂದರೂ ಮೊದಲು ಅನುಮಾನ ಪಡಬೇಕಾದ್ದು ಹೀಟ್ ಸಿಂಕ್‌ನ ನಟ್ ಮೇಲೆ, ರ‍್ಯಾಮ್ ಮೇಲೆ ಅಲ್ಲ. ವಿಂಡೋಸ್ ಆದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಾಕೆಟ್ 2, ಲಾಜಿಕಲ್ ಪ್ರೊಸೆಸರ್ (ಎರಡರ ಥ್ರೆಡ್‌ಗಳೂ ಸೇರಿ) 40 ಅಂತ ತೋರಿಸಬೇಕು. ಲಿನಕ್ಸ್‌ನಲ್ಲಿ ಎಲ್‌ಎಸ್‌ಸಿಪಿಯು ಕಮಾಂಡ್ ಕೊಟ್ಟರೂ ಅದೇ 40 ಸಿಗುತ್ತದೆ, ಜೊತೆಗೆ ನೂಮಾ ನೋಡ್ ಎರಡು ಅಂತ ಬರುತ್ತದೆ. ಒಂದು ಪ್ರೊಸೆಸರ್ ಮತ್ತು ಅದರ ಪಾಲಿನ ರ‍್ಯಾಮ್ ಸೇರಿ ಒಂದು ನೋಡ್. ಪರೀಕ್ಷೆಯ ವರ್ಚುವಲ್ ಮಶೀನ್‌ಗೆ ಸಿಪಿಯು, ರ‍್ಯಾಮ್ ಹಂಚುವಾಗ ಅದು ಒಂದೇ ನೋಡ್ ಒಳಗೆ ಹಿಡಿಸುವಷ್ಟಿದ್ದರೆ ಒಳ್ಳೆಯದು.

ಆಮೇಲೆ ಒಂದು ಗಂಟೆ ಗಟ್ಟಿಯಾಗಿ ಓಡಿಸಿ. ಪ್ರೊಸೆಸರ್ ಮೇಲೆ ಬೇಕೆಂದೇ ಹೊರೆ ಹಾಕುವ ಸ್ಟ್ರೆಸ್-ಎನ್‌ಜಿ ಅಂಥ ತಂತ್ರಾಂಶ ಯಾವುದಾದರೂ ಸಾಕು. ನೋಡಬೇಕಾದ್ದು ಎರಡು ಪ್ರೊಸೆಸರ್‌ಗಳ ನಡುವಿನ ವ್ಯತ್ಯಾಸ. ಈ ಸರ್ವರ್‌ನಲ್ಲಿ ಎರಡೂ ಅಕ್ಕಪಕ್ಕ ಇವೆ, ಒಂದೇ ತಂಪು ಗಾಳಿ ಸಿಗುತ್ತದೆ. ಹಾಗಾಗಿ ಉಷ್ಣತೆಯೂ ಹತ್ತಿರ ಹತ್ತಿರ ಇರಬೇಕು. ಒಂದು ಇನ್ನೊಂದಕ್ಕಿಂತ ಹತ್ತು ಡಿಗ್ರಿಗೂ ಮೇಲೆ ಹೋದರೆ ನಾನಾದರೆ ಬಿಚ್ಚಿ ನೋಡುತ್ತೇನೆ. ಒಂದರ ಹಿಂದೆ ಒಂದು ಪ್ರೊಸೆಸರ್ ಇರುವ ತೆಳು ಸರ್ವರ್‌ಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಹಿಂದಿನದಕ್ಕೆ ಮುಂದಿನವನು ಉಸಿರಾಡಿದ ಬಿಸಿ ಗಾಳಿಯೇ ಗತಿ.

ಬೇರೆ ಸರ್ವರ್ ಇಟ್ಟುಕೊಂಡು ಇದನ್ನು ಓದುತ್ತಿರುವವರಿಗೆ ಎರಡು ಮಾತು. 2021ರ ಐಸ್ ಲೇಕ್, 2023ರ ಸಫೈರ್ ರ‍್ಯಾಪಿಡ್ಸ್ ಝಿಯಾನ್‌ಗಳಲ್ಲೂ ಪ್ರೊಸೆಸರ್ ಹೀಟ್ ಸಿಂಕ್‌ಗೇ ಅಂಟಿಕೊಂಡು ಇಳಿಯುತ್ತದೆ, ಸ್ಟಾರ್ ಬಿಟ್ ಅದೇ ಟಿ-30. ಆದರೆ ಬಿಗಿ ಕಡಿಮೆ, 8 ಇಂಚ್-ಪೌಂಡ್. ಜೊತೆಗೆ ಮೂಲೆಗಳಲ್ಲಿ ವಾಲದಂತೆ ಹಿಡಿಯುವ ತಂತಿಗಳಿವೆ. ಇಳಿಸುವ ಮುಂಚೆ ಒಳಕ್ಕೆ ಮಡಚಿರಬೇಕು, ಇಳಿಸಿದ ಮೇಲೆ ಹೊರಕ್ಕೆ ಸಿಕ್ಕಿಸಬೇಕು, ಆಮೇಲೆ ನಟ್. ಎಎಂಡಿ ಕಂಪನಿಯ ಸರ್ವರ್ ಪ್ರೊಸೆಸರ್ ಎಪಿಕ್‌ನ ಮೊದಲ ಮೂರು ಪೀಳಿಗೆಗಳ ಎಸ್‌ಪಿ3 ಸಾಕೆಟ್‌ನಲ್ಲಿ ಪ್ರೊಸೆಸರನ್ನು ಒತ್ತಿ ಹಿಡಿಯುವುದು ಬೇರೆಯೇ ಲೋಹದ ಚೌಕಟ್ಟು. ಅದಕ್ಕೆ ಮೂರು ಟಿ-20 ಸ್ಕ್ರೂ, ಚೌಕಟ್ಟಿನ ಮೇಲೆ ಬರೆದ 1, 2, 3ರ ಕ್ರಮದಲ್ಲಿ ಬಿಗಿಯಬೇಕು. ಸೆಕೆಂಡ್ ಹ್ಯಾಂಡ್ ಎಪಿಕ್ ಕೊಳ್ಳುವವರು ಇನ್ನೊಂದು ವಿಚಾರಿಸಿ. ಕೆಲವು ಕಂಪನಿಗಳ ಸರ್ವರ್‌ನಲ್ಲಿ ಒಮ್ಮೆ ಓಡಿದ ಎಪಿಕ್ ಆ ಕಂಪನಿಯ ಬೋರ್ಡ್‌ಗೇ ಶಾಶ್ವತವಾಗಿ ಬೀಗ ಬಿದ್ದಿರುತ್ತದೆ. ಬೇರೆ ಬೋರ್ಡ್‌ಗೆ ಹಾಕಿದರೆ ಜಪ್ಪಯ್ಯ ಅಂದರೂ ಏಳುವುದಿಲ್ಲ.

ನಿಮ್ಮ ವಿಷಯಕ್ಕೆ ವಾಪಸ್. ಕೆಲಸ ಮುಗಿದ ಮೇಲೆ ಮೇಜಿನ ಮೇಲೆ ಒಂದು ಸಾಕೆಟ್ ಮುಚ್ಚಳ, ಎರಡು ಖಾಲಿ ಫ್ಯಾನ್ ಡಬ್ಬಿ ಉಳಿದಿರುತ್ತವೆ. ಕಸದ ಬುಟ್ಟಿಗೆ ಹಾಕಬೇಡಿ. ಬೋರ್ಡ್ ಎಂದಾದರೂ ವಾಪಸ್ ಕಳಿಸಬೇಕಾಗಿ ಬಂದರೆ ಆ ಮುಚ್ಚಳವಿಲ್ಲದೆ ಪಿನ್‌ಗಳು ದಾರಿಯಲ್ಲೇ ಬಗ್ಗುತ್ತವೆ, ತಪ್ಪು ನಿಮ್ಮ ತಲೆಗೆ ಬರುತ್ತದೆ. ಒಂದು ಕವರ್‌ಗೆ ಹಾಕಿ, ಮೇಲೆ ಸರ್ವರ್‌ನ ಸೀರಿಯಲ್ ನಂಬರ್ ಮತ್ತು ಹಾಕಿದ ತಾರೀಖು ಬರೆದು, ಆ ಟಿ-30 ಬಿಟ್ಟನ್ನೂ ಅದರಲ್ಲೇ ಇಟ್ಟು ರ‍್ಯಾಕ್‌ನ ಬಾಗಿಲಿನ ಒಳಗೆ ಟೇಪ್ ಹಚ್ಚಿ ಅಂಟಿಸಿಬಿಡಿ.